ಐದು ತಿಂಗಳಾದರೂ ತಾಯಿ ಹಾಲು ಬಿಡದ ಬೆಕ್ಕಿನ ಮರಿ, ಏನು ಮಾಡೋದು?

ಗೌರಿ ಮನೆಯವಳು, ಧಾರವಾಡ · ನವೆಂಬರ್ 14

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಮಾಳಮಡ್ಡಿಯಲ್ಲಿ. ನಾನು, ನಮ್ಮ ಮನೆಯವರು, ಅತ್ತೆ, ಜೊತೆಗೆ ಮೂರು ಬೆಕ್ಕು. ತಾಯಿ ಹೆಸರು ಗೌರಿ. ಹೋದ ವರ್ಷ ಗೌರಿ ಹಬ್ಬದ ದಿನ ಹಿತ್ತಲ ಬಾಗಿಲಿಗೆ ಬಂದು ಕೂತಿದ್ದಳು, ಅದೇ ಹೆಸರು ಇಟ್ಟೆವು. ಈ ಜೂನ್ 10ಕ್ಕೆ ಕಪಾಟಿನ ಕೆಳಗೆ, ಅತ್ತೆಯ ಹಳೇ ಕೌದಿ ಮೇಲೆ ನಾಲ್ಕು ಮರಿ ಹಾಕಿದಳು. ಎರಡನ್ನು ಹತ್ತು ವಾರ ತುಂಬಿದ ಮೇಲೆ ಪರಿಚಯದವರಿಗೆ ಕೊಟ್ಟೆವು. ಗಂಡು ಕಲ್ಯಾ, ಹೆಣ್ಣು ಚುಕ್ಕಿ ನಮ್ಮಲ್ಲೇ ಉಳಿದರು.

ಚುಕ್ಕಿ ಎರಡೂವರೆ ತಿಂಗಳಿಗೆ ತಾನಾಗಿ ಹಾಲು ಬಿಟ್ಟಳು. ಕಲ್ಯಾ ಇನ್ನೂ ಬಿಟ್ಟಿಲ್ಲ. ಈಗ ತಾಯಿಗಿಂತ ಉದ್ದ ಇದ್ದಾನೆ. ತಟ್ಟೆಯಲ್ಲಿ ಹಾಕಿದ್ದನ್ನೆಲ್ಲ ತಿನ್ನುತ್ತಾನೆ. ತಿಂದು ಮುಗಿಸಿ ನೇರ ಗೌರಿಯ ಹೊಟ್ಟೆಗೆ ಮುಖ ತೂರಿಸುತ್ತಾನೆ. ಎರಡೂ ಮುಂಗಾಲಲ್ಲಿ ರೊಟ್ಟಿ ಹಿಟ್ಟು ನಾದಿದ ಹಾಗೆ ಒತ್ತುತ್ತಾನೆ, ಗೊರ ಗೊರ ಸದ್ದು ಮಾಡುತ್ತಾನೆ, ಕಣ್ಣು ಮುಚ್ಚುತ್ತಾನೆ. ಇಪ್ಪತ್ತು ನಿಮಿಷ ಅಲ್ಲೇ. ಗೌರಿ ಒಮ್ಮೊಮ್ಮೆ ಎದ್ದು ಹೋಗುತ್ತಾಳೆ, ಒಮ್ಮೊಮ್ಮೆ ಸುಮ್ನೆ ಮಲಗಿರುತ್ತಾಳೆ.

ಇಷ್ಟು ದೊಡ್ಡವನಿಗೆ ಇನ್ನೂ ಹಾಲು ಬರುತ್ತದಾ? ಅವಳಿಗೆ ನಿಶ್ಶಕ್ತಿ ಆಗುವುದಿಲ್ವಾ? ಅತ್ತೆ ಬೇವಿನ ಎಣ್ಣೆ ಹಚ್ಚು ಅಂತಾರೆ. ನನಗೆ ಧೈರ್ಯ ಆಗುತ್ತಿಲ್ಲ. ತಿಳಿದವರು ಹೇಳಿ.

ಕೇಶ್ವಾಪುರದ ಟೀಚರ್ · ನವೆಂಬರ್ 14

ಗಾಬರಿ ಆಗಬೇಡಿ ಅಕ್ಕಾ. ನಮ್ಮ ಮನೆಯ ಗಂಡು ಬೆಕ್ಕು ಎಂಟು ತಿಂಗಳವರೆಗೂ ತಾಯಿಯ ಹೊಟ್ಟೆ ಬಿಟ್ಟಿರಲಿಲ್ಲ. ಈಗ ಆರು ವರ್ಷದವನು, ಗಟ್ಟಿಯಾಗಿದ್ದಾನೆ.

ನಾನು ದಿನಾ ಕೂತು ನೋಡಿದ್ದನ್ನು ಹೇಳುತ್ತೇನೆ. ಮೊದಲ ಎರಡು ಮೂರು ವಾರ ತಾಯಿಯೇ ಮರಿಗಳ ಹತ್ತಿರ ಬಂದು, ಅವುಗಳನ್ನು ನೆಕ್ಕಿ ಎಬ್ಬಿಸಿ, ಅಡ್ಡ ಮಲಗಿ ಹಾಲು ಕೊಡುತ್ತಾಳೆ. ಆಮೇಲೆ ಮರಿಗಳು ತಾವೇ ಹುಡುಕಿಕೊಂಡು ಬರುತ್ತವೆ, ತಾಯಿ ಬೇಡ ಅನ್ನುವುದಿಲ್ಲ. ತಿಂಗಳು ದಾಟಿದ ಮೇಲೆ ಅವಳು ತಪ್ಪಿಸಿಕೊಳ್ಳಲು ಶುರು ಮಾಡುತ್ತಾಳೆ. ಕಿಟಕಿ ಕಟ್ಟೆ ಮೇಲೆ ಹತ್ತಿ ಕೂರುತ್ತಾಳೆ. ಇಲ್ಲ ಅಂದರೆ ಹೊಟ್ಟೆ ನೆಲಕ್ಕೆ ಒತ್ತಿ ಮಲಗುತ್ತಾಳೆ, ಮೊಲೆ ಸಿಗಬಾರದು ಅಂತ. ಮರಿಗಳಿಗೆ ಅಷ್ಟೊತ್ತಿಗೆ ಸೂಜಿಯಂಥ ಹಲ್ಲು ಬಂದಿರುತ್ತವೆ, ಅವಳಿಗೂ ನೋವಾಗುತ್ತದೆ ಅಲ್ವಾ? ಹಾಲು ಬಿಡಿಸುವುದನ್ನು ತಾಯಿಯೇ ಮಾಡುತ್ತಾಳೆ. ಎರಡು ಮರಿ ಕೊಟ್ಟ ಮೇಲೆ ಜಾಗ ಖಾಲಿ ಆಯಿತು, ನಿಮ್ಮ ಕಲ್ಯಾನಿಗೆ ಜಗಳ ಮಾಡುವವರು ಯಾರೂ ಇಲ್ಲ. ಅದಕ್ಕೆ ಮುಂದುವರಿಸಿದ್ದಾನೆ.

ನವಲಗುಂದ ರೈತ · ನವೆಂಬರ್ 14

ನಾವು ಆಕಳ ಕರುವಿಗೆ ಹಾಲು ಬಿಡಿಸುವಾಗ ಮೊಲೆಗೆ ಸೆಗಣಿ ಸವರುತ್ತೇವೆ. ಇಲ್ಲ ಅಂದರೆ ಕರುವಿನ ಮೂತಿಗೆ ಮುಳ್ಳಿನದು ಕಟ್ಟುತ್ತೇವೆ, ತಾಯಿಯೇ ಒದ್ದು ದೂರ ಮಾಡುತ್ತದೆ. ನಾಲ್ಕು ದಿನದಲ್ಲಿ ಬಿಡುತ್ತದೆ. ಬೆಕ್ಕಿಗೂ ಬೇವಿನ ಎಣ್ಣೆ ಹಚ್ಚಿದರೆ ಏನು ತಪ್ಪು? ನಮ್ಮ ಹಿರಿಯರು ಹಾಗೇ ಮಾಡುತ್ತಿದ್ದರು.

ಪಶುವೈದ್ಯ, ಗದಗ · ನವೆಂಬರ್ 14

ರೈತಣ್ಣಾ, ಆಕಳು ತನ್ನ ಕೆಚ್ಚಲನ್ನು ನೆಕ್ಕಿಕೊಳ್ಳುವುದು ಅಪರೂಪ. ಬೆಕ್ಕು ಎಚ್ಚರ ಇರುವ ಹೊತ್ತಿನಲ್ಲಿ ಅದನ್ನೇ ಮಾಡುತ್ತಿರುತ್ತದೆ. ಅದರ ಮೈಗೆ ಹಚ್ಚಿದ್ದೆಲ್ಲ ಅದರ ಹೊಟ್ಟೆಗೆ ಹೋಗುತ್ತದೆ. ಬೇವಿನ ಎಣ್ಣೆ, ಖಾರದ ಪುಡಿ, ಹಿಂಗು, ನೋವಿನ ಮುಲಾಮು, ಯಾವುದೂ ಬೇಡ. ಮೊಲೆ ತೊಟ್ಟಿನ ಚರ್ಮ ಬಹಳ ತೆಳು, ಸುಟ್ಟು ಹುಣ್ಣಾಗುತ್ತದೆ.

ಈಗ ಗೌರಿ ಮನೆಯ ಅಕ್ಕಾವರ ಪ್ರಶ್ನೆಗೆ ಬರುತ್ತೇನೆ. ಬೆಕ್ಕಿನ ಮರಿಗಳು ಸುಮಾರು ನಾಲ್ಕನೇ ವಾರದಿಂದ ಬೇರೆ ಆಹಾರ ಮುಟ್ಟುತ್ತವೆ. ಏಳು ಎಂಟು ವಾರಕ್ಕೆ ಹೊಟ್ಟೆ ತುಂಬಿಸಿಕೊಳ್ಳಲು ತಾಯಿ ಹಾಲು ಬೇಕಿಲ್ಲ. ಆದರೆ ಹೊಟ್ಟೆಗೆ ಬೇಡವಾದ ಮಾತ್ರಕ್ಕೆ ಮನಸ್ಸಿಗೆ ಬೇಡವಾಗುವುದಿಲ್ಲ. ಹುಟ್ಟಿದಾಗ ಮರಿಗೆ ಕಣ್ಣು ಕಾಣಿಸುವುದಿಲ್ಲ, ಕಿವಿ ಕೇಳಿಸುವುದಿಲ್ಲ. ಬಿಸಿ, ವಾಸನೆ, ಸ್ಪರ್ಶ, ಇಷ್ಟೇ ಅದರ ಜಗತ್ತು. ಕೆಲವೇ ದಿನಗಳಲ್ಲಿ ಎಷ್ಟೋ ಮರಿಗಳು ತಮ್ಮದೇ ಒಂದು ತೊಟ್ಟು ಆರಿಸಿಕೊಳ್ಳುತ್ತವೆ. ತಾಯಿಗೆ ಸಾಮಾನ್ಯವಾಗಿ ಎಂಟು ತೊಟ್ಟು ಇರುತ್ತವೆ, ಆದರೂ ಮರಿ ವಾಸನೆ ಹಿಡಿದು ತನ್ನದಕ್ಕೇ ಹೋಗುತ್ತದೆ. ಕಲ್ಯಾ ಯಾವಾಗಲೂ ಒಂದೇ ತೊಟ್ಟಿಗೆ ಹೋಗುತ್ತಾನಾ, ಗಮನಿಸಿ. ಮುಂಗಾಲಲ್ಲಿ ಒತ್ತುವುದು ಹಾಲು ಇಳಿಸುವ ಕೆಲಸ. ಒತ್ತಿದಾಗ, ಚೀಪಿದಾಗ ತಾಯಿಯ ಮೆದುಳಿನಿಂದ ಆಕ್ಸಿಟೋಸಿನ್ ಅನ್ನುವ ಹಾರ್ಮೋನ್ ಬಿಡುಗಡೆ ಆಗಿ ಹಾಲು ತೊಟ್ಟಿಗೆ ಬರುತ್ತದೆ. ಹಾಲು ನಿಂತ ಮೇಲೂ ಆ ರೂಢಿ ಉಳಿಯುತ್ತದೆ. ಬೆಚ್ಚಗಿನ ಹೊಟ್ಟೆ, ಗೊರ ಗೊರ ಸದ್ದು, ನಿದ್ದೆ, ಇವೆಲ್ಲ ಒಂದೇ ಗಂಟಾಗಿ ಅದರ ನೆನಪಿನಲ್ಲಿ ಕೂತಿರುತ್ತವೆ.

ಹಾಲು ಬರುತ್ತಿದೆಯೋ ಇಲ್ಲವೋ ಅಂತ ದೂರದಿಂದ ಹೇಳಲಾರೆ. ಚೀಪುವವರು ಇರುವವರೆಗೆ ಸ್ವಲ್ಪ ಸ್ವಲ್ಪ ಬರುತ್ತಲೇ ಇರಬಹುದು. ಚೀಪುವುದು ಪೂರ್ತಿ ನಿಂತರೆ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಬತ್ತುತ್ತದೆ. ಗೌರಿಗೆ ಬೇಸರ ಇಲ್ಲ, ತೊಟ್ಟಿನಲ್ಲಿ ಗಾಯ ಇಲ್ಲ, ಮೈ ತೂಕ ಇಳಿದಿಲ್ಲ ಅಂದರೆ ಇದು ರೋಗ ಅಲ್ಲ.

ಎರಡು ವಿಷಯ ತಿಳಿಸಿ. ಮನೆಯಲ್ಲಿ ಇವರಿಗೆ ಏನು ಹಾಕುತ್ತೀರಿ? ಗೌರಿಗೆ ಮರಿ ಆಗದ ಆಪರೇಷನ್ ಆಗಿದೆಯಾ?

ನವಲಗುಂದ ರೈತ · ನವೆಂಬರ್ 15

ಡಾಕ್ಟರ್ ಸಾಹೇಬ್ರೇ, ನೆಕ್ಕಿಕೊಳ್ಳುವ ಮಾತು ಖರೆ. ನನಗೆ ಹೊಳೆದಿರಲಿಲ್ಲ. ನನ್ನ ಮಾತು ವಾಪಸ್ ತಗೊಂಡೆ ಅಕ್ಕಾ, ಎಣ್ಣೆ ಹಚ್ಚಬೇಡಿ.

ಉಣಕಲ್ ಹುಡುಗ · ನವೆಂಬರ್ 15

ಇದೇ ಸಾಲಿನಲ್ಲಿ ನನ್ನದೂ ಕೇಳಬಹುದಾ? ನಮ್ಮ ಮರಿಗೆ ತಾಯಿಯೇ ಇಲ್ಲ. ಜುಲೈ ಮಳೆಯಲ್ಲಿ ಕೆರೆ ಹತ್ತಿರ ಗಟಾರದಲ್ಲಿ ಸಿಕ್ಕಿತು. ಆಗ ಅದಕ್ಕೆ ನಾಲ್ಕು ವಾರ ಇರಬಹುದು ಅಂದರು. ಹೆಸರು ಮುತ್ತು. ರಾತ್ರಿ ನನ್ನ ಕಿವಿಯ ಹಾಲೆ ಚೀಪುತ್ತದೆ. ಬಿಡಿಸಿದರೆ ನಮ್ಮಜ್ಜಿ ಹೊಲಿದ ಕೌದಿಯ ಮೂಲೆ ಹಿಡಿಯುತ್ತದೆ. ಕೌದಿ ಒದ್ದೆಯಾಗಿ ಒಂದು ಕಡೆ ತೂತೇ ಬಿದ್ದಿದೆ. ಇದೂ ಮಾಮೂಲಾ?

ಬೆಟಗೇರಿ ಮಗ್ಗ · ನವೆಂಬರ್ 15

ತಮ್ಮಾ, ತೂತು ಬಿದ್ದಿದೆ ಅಂತ ಓದಿದ ಕೂಡಲೇ ಬರೆಯುತ್ತಿದ್ದೇನೆ. ಆ ಬಟ್ಟೆ ಎಲ್ಲಿ ಹೋಯಿತು ಅಂತ ನೋಡಿದ್ದೀಯಾ?

ನಮ್ಮದು ನೇಕಾರರ ಮನೆ. ಮಗ್ಗ ಇದ್ದಲ್ಲಿ ದಾರ ಇರುತ್ತದೆ. ಐದು ವರ್ಷದ ಹಿಂದೆ ನಮ್ಮಲ್ಲಿ ಒಂದು ಬಿಳೀ ಬೆಕ್ಕು ಇತ್ತು. ಅದನ್ನೂ ಎಳೆಯದಿದ್ದಾಗಲೇ ತಾಯಿಯಿಂದ ಬಿಡಿಸಿ ತಂದಿದ್ದೆವು. ಸೀರೆಯ ಸೆರಗಿನ ಎಳೆ ಚೀಪುತ್ತಿತ್ತು. ನಾವು ನೋಡಿ ಖುಷಿ ಪಡುತ್ತಿದ್ದೆವು. ಒಂದು ದಿನ ವಾಂತಿ ಶುರುವಾಯಿತು. ಮರುದಿನ ನೀರೂ ನಿಲ್ಲಲಿಲ್ಲ. ಮೂಲೆಯಲ್ಲಿ ಮುದುಡಿ ಕೂತುಬಿಟ್ಟಿತು. ಉಷ್ಣ ಆಗಿರಬೇಕು ಅಂತ ಎರಡು ದಿನ ಮಜ್ಜಿಗೆ ಹಾಕುತ್ತಾ ಕಾದೆವು. ದವಾಖಾನೆಗೆ ಒಯ್ದಾಗ ಡಾಕ್ಟರು ಬಾಯಿ ತೆಗೆದು ನಾಲಿಗೆ ಎತ್ತಿ ತೋರಿಸಿದರು. ನಾಲಿಗೆಯ ಬುಡಕ್ಕೆ ದಾರ ಸುತ್ತಿಕೊಂಡಿತ್ತು. ಇನ್ನೊಂದು ತುದಿ ಕರುಳಿನಲ್ಲಿ. ಕರುಳು ಮುಂದೆ ಸಾಗಲು ನೋಡುತ್ತದೆ, ದಾರ ಬಿಗಿ ಹಿಡಿದಿರುತ್ತದೆ, ಕರುಳು ದಾರದ ಮೇಲೆ ನೆರಿಗೆಯಾಗಿ ಕೂಡಿಕೊಂಡು ಕೊನೆಗೆ ಕೊಯ್ದುಹೋಗುತ್ತದೆ. ಆಪರೇಷನ್ ಮಾಡಿದರು. ಉಳಿಯಲಿಲ್ಲ. ಆ ಎರಡು ದಿನ ಕಾದೆವಲ್ಲ, ಅದು ನನಗೆ ಇವತ್ತಿಗೂ ಹೋಗಿಲ್ಲ.

ಬಾಯಲ್ಲಾಗಲಿ ಹಿಂದುಗಡೆ ಆಗಲಿ ದಾರದ ತುದಿ ಕಂಡರೆ ಎಳೆಯಬೇಡ. ಎಳೆದರೆ ಒಳಗೆ ಇನ್ನೂ ಕೊಯ್ಯುತ್ತದೆ. ಹಾಗೇ ಎತ್ತಿಕೊಂಡು ದವಾಖಾನೆಗೆ ಓಡು. ಇವತ್ತೇ ಆ ಕೌದಿ ತೆಗೆದಿಡು.

ಪಶುವೈದ್ಯ, ಗದಗ · ನವೆಂಬರ್ 15

ಬೆಟಗೇರಿಯ ಅಣ್ಣಾವರು ಬರೆದದ್ದರಲ್ಲಿ ಒಂದು ಅಕ್ಷರ ಬದಲಿಸುವ ಹಾಗಿಲ್ಲ. ಚೀಪುವುದು ಬೇರೆ, ನುಂಗುವುದು ಬೇರೆ. ಮುತ್ತು ಬರೀ ಚೀಪಿದರೆ ಚಿಂತೆ ಇಲ್ಲ. ಬಟ್ಟೆ ಕಡಿಮೆಯಾಗುತ್ತಿದೆ ಅಂದರೆ ಚಿಂತೆ ಇದೆ.

ಹೀಗಾಗಲು ದೊಡ್ಡ ಕಾರಣ ತಾಯಿ ಬೇಗ ತಪ್ಪುವುದು. 2017ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದವರು 5,700ಕ್ಕೂ ಹೆಚ್ಚು ಬೆಕ್ಕುಗಳ ಬಗ್ಗೆ ಸಾಕಿದವರಿಂದ ಮಾಹಿತಿ ಪಡೆದು ಒಂದು ಅಧ್ಯಯನ ಪ್ರಕಟಿಸಿದರು. ಎಂಟು ವಾರಕ್ಕೆ ಮೊದಲೇ ತಾಯಿಯಿಂದ ದೂರವಾದ ಮರಿಗಳು ದೊಡ್ಡವಾದ ಮೇಲೆ ಸಿಟ್ಟು ಮಾಡುವ ಸಾಧ್ಯತೆ ಜಾಸ್ತಿ ಇತ್ತು. ಹದಿನಾಲ್ಕು ವಾರ ದಾಟಿಸಿ ಬಿಟ್ಟವುಗಳಲ್ಲಿ ಮೈಯನ್ನು ಅತಿಯಾಗಿ ನೆಕ್ಕಿಕೊಳ್ಳುವಂಥ ಚಟಗಳು ಕಡಿಮೆ ಇದ್ದವು. ನಮ್ಮ ಕಡೆ ಕಣ್ಣು ಬಿಟ್ಟು ಓಡಾಡಲು ಶುರುವಾದರೆ ಸಾಕು, ಒಂದು ತಿಂಗಳ ಮರಿಯನ್ನು ಚೀಲದಲ್ಲಿ ಹಾಕಿ ಕೊಟ್ಟುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಗೌರಿ ಮನೆಯವರು ಹತ್ತು ವಾರ ಕಾದದ್ದು ನನಗೆ ಸಂತೋಷ ಆಯಿತು.

ಉಣಕಲ್ ತಮ್ಮಾ, ಬೈಯಬೇಡ, ಹೊಡೆಯಬೇಡ. ಹೆದರಿದ ಮರಿ ಇನ್ನೂ ಜಾಸ್ತಿ ಚೀಪುತ್ತದೆ. ಕೌದಿ, ಉಣ್ಣೆ, ದಾರ, ಟವೆಲ್ಲಿನ ಎಳೆ ಕೈಗೆ ಸಿಗದ ಹಾಗೆ ಇಡು. ಮಲಗುವ ಮುಂಚೆ ಹತ್ತು ನಿಮಿಷ ಓಡಾಡಿಸಿ ಆಡಿಸು, ಆಮೇಲೆ ಹೊಟ್ಟೆ ತುಂಬ ಹಾಕು. ಕಿವಿ ಚೀಪಲು ಬಂದರೆ ಮೆತ್ತಗೆ ಎತ್ತಿ ಪಕ್ಕಕ್ಕೆ ಇಡು, ಮಾತಾಡಿಸಬೇಡ. ಅದಕ್ಕೀಗ ಹಾಲು ಹಲ್ಲು ಬಿದ್ದು ಹೊಸ ಹಲ್ಲು ಬರುವ ಕಾಲ. ಸುಮಾರು ಆರು ಏಳು ತಿಂಗಳವರೆಗೂ ಬಾಯಿ ಕಡಿತ ಇರುತ್ತದೆ.

ಗೌರಿ ಮನೆಯವಳು, ಧಾರವಾಡ · ನವೆಂಬರ್ 16

ಬೆಟಗೇರಿ ಅಣ್ಣಾ, ನಿಮ್ಮ ಬೆಕ್ಕಿನ ಸುದ್ದಿ ಓದಿ ಅತ್ತೆ ಕಣ್ಣೀರು ಹಾಕಿದರು. ಹೊಲಿಗೆ ಡಬ್ಬಿ ಕಪಾಟಿನೊಳಗೆ ಹೋಯಿತು.

ಡಾಕ್ಟರ್ ಕೇಳಿದ್ದಕ್ಕೆ ಉತ್ತರ. ನಮ್ಮದು ಶಾಕಾಹಾರಿ ಮನೆ. ಮೂವರಿಗೂ ಬೆಳಿಗ್ಗೆ ಸಂಜೆ ಹಾಲು ಅನ್ನ. ಮಧ್ಯಾಹ್ನ ಹಾಲಲ್ಲಿ ನೆನೆಸಿದ ಚಪಾತಿ. ಗೌರಿ ಹೊರಗೆ ಇಲಿ, ಹಲ್ಲಿ ಹಿಡಿಯುತ್ತಾಳೆ. ಮರಿಗಳನ್ನು ಹೊರಗೆ ಬಿಡುವುದಿಲ್ಲ. ಅವುಗಳಿಗೆ ಆಗಾಗ ಹೊಟ್ಟೆ ಕೆಡುತ್ತದೆ.

ಆಪರೇಷನ್ ಆಗಿಲ್ಲ. ಹಾಲು ಕುಡಿಸುವವರೆಗೆ ಮತ್ತೆ ಗರ್ಭ ನಿಲ್ಲುವುದಿಲ್ಲ ಅಂತ ಒಬ್ಬರು ಹೇಳಿದ್ದರು. ಹಾಗಾಗಿ ತಡ ಮಾಡಿದೆವು.

ಇನ್ನೊಂದು ಮಾತು. ಕಲ್ಯಾ ಒಂದೇ ತೊಟ್ಟಿಗೆ ಹೋಗುತ್ತಾನೆ, ಬಲಗಡೆಯ ಕೊನೆಯದು. ಅದನ್ನು ನೋಡುವಾಗ ಬೇರೆ ತೊಟ್ಟುಗಳೂ ಗುಲಾಬಿ ಬಣ್ಣಕ್ಕೆ ತಿರುಗಿರುವುದು ಕಾಣಿಸಿತು. ಹೊಟ್ಟೆಯೂ ಸ್ವಲ್ಪ ದುಂಡಗಿದೆ. ಚೆನ್ನಾಗಿ ತಿನ್ನುತ್ತಿದ್ದಾಳೆ, ದಪ್ಪ ಆಗಿದ್ದಾಳೆ ಅಂದುಕೊಂಡಿದ್ದೆ.

ಬ್ಯಾಡಗಿ ಗೋದಾಮು · ನವೆಂಬರ್ 16

ಅಕ್ಕಾ, ಅವಳು ಗಬ್ಬ ಇದ್ದಾಳೆ.

ನಮ್ಮ ಮೆಣಸಿನಕಾಯಿ ಗೋದಾಮಿನಲ್ಲಿ ಮೊದಲಿನಿಂದ ಬೆಕ್ಕು ಸಾಕುತ್ತೇವೆ. ಇಲಿಗಳು ಚೀಲ ಕಡಿಯುತ್ತವೆ. ಪಾಷಾಣ ಇಟ್ಟರೆ ಆ ಇಲಿ ತಿಂದ ಬೆಕ್ಕೂ ಸಾಯುತ್ತದೆ, ಹಾಗಾಗಿ ಇಡುವುದಿಲ್ಲ. ಎಷ್ಟೋ ಬಾಣಂತನ ನೋಡಿದ್ದೇನೆ. ಹಾಲು ಕುಡಿಸುತ್ತಿರುವಾಗಲೇ ಗಬ್ಬ ಆಗುತ್ತವೆ. ತೊಟ್ಟು ಗುಲಾಬಿ ಆದರೆ ಮೂರು ವಾರ ದಾಟಿತು ಅಂತ ಲೆಕ್ಕ. ದಸರಾ ಹೊತ್ತಿಗೆ ಅವಳು ರಾತ್ರಿ ಕೂಗಿ ಹೊರಳಾಡಿದ್ದು ನೆನಪಿದೆಯಾ?

ಕಲ್ಯಾನನ್ನು ಹೆರಿಗೆಗೆ ಮುಂಚೆ ಬಿಡಿಸಬೇಕು. ನಮ್ಮಲ್ಲಿ ಒಮ್ಮೆ ದೊಡ್ಡ ಮರಿ ಹೊಸ ಮರಿಗಳನ್ನು ನೂಕಿ ತಾನೇ ಕುಡಿಯಿತು. ಮೂರರಲ್ಲಿ ಎರಡು ಸಣ್ಣವು ಮೂರನೇ ದಿನಕ್ಕೆ ಹೋದವು. ನಾವು ಸಂತೆ ದಿನದ ಗಡಿಬಿಡಿಯಲ್ಲಿ ನೋಡಲೇ ಇಲ್ಲ.

ಪಶುವೈದ್ಯ, ಗದಗ · ನವೆಂಬರ್ 16

ನನಗೂ ಹಾಗೇ ಅನ್ನಿಸುತ್ತದೆ. ನಾಳೆಯೇ ತೋರಿಸಿ. ಬೆಕ್ಕಿನ ಗರ್ಭ ಸುಮಾರು 63ರಿಂದ 65 ದಿನ. ಸ್ಕ್ಯಾನಿಂಗ್‌ನಲ್ಲಿ ಮೂರು ನಾಲ್ಕು ವಾರಕ್ಕೆಲ್ಲ ಗೊತ್ತಾಗುತ್ತದೆ.

ಹೆರಿಗೆಯ ಮೊದಲ ದಿನದ ಹಾಲು ಗಿಣ್ಣು. ಅದರಲ್ಲಿ ರೋಗ ತಡೆಯುವ ಶಕ್ತಿ ಇರುತ್ತದೆ. ಹೊಸ ಮರಿಯ ಕರುಳು ಅದನ್ನು ಹಾಗೇ ಹೀರಿಕೊಳ್ಳುವುದು ಮೊದಲ ಹದಿನಾರು ಗಂಟೆ, ಹೆಚ್ಚೆಂದರೆ ಒಂದು ದಿನ. ಆಮೇಲೆ ಆ ಬಾಗಿಲು ಮುಚ್ಚುತ್ತದೆ. ಐದು ತಿಂಗಳ ಹುಡುಗ ಕುಡಿದು ಮುಗಿಸಿದರೆ ಇವುಗಳಿಗೆ ಮತ್ತೆ ಸಿಗುವುದಿಲ್ಲ. ಮೊನ್ನೆ ನಾನು ಇದು ರೋಗ ಅಲ್ಲ ಅಂದಿದ್ದೆ. ಈಗಲೂ ಅಲ್ಲ. ಆದರೆ ಗರ್ಭ ಇದ್ದರೆ ಇನ್ನು ಬಿಡಿಸಲೇಬೇಕು.

ಈಗ ಊಟದ ಮಾತು. ಇದನ್ನು ಬಹಳ ಮೆತ್ತಗೆ ಹೇಳಬೇಕು, ನಮ್ಮ ಮನೆಯೂ ಶಾಕಾಹಾರಿಯೇ. ಬೆಕ್ಕು ಹಾಲು ಅನ್ನದಲ್ಲಿ ಬದುಕುವ ಪ್ರಾಣಿ ಅಲ್ಲ. ಟಾರಿನ್ ಅನ್ನುವ ಒಂದು ಅಂಶ ಅದರ ಕಣ್ಣಿಗೆ, ಹೃದಯಕ್ಕೆ ಬೇಕೇಬೇಕು. ನಮ್ಮ ದೇಹ ಅದನ್ನು ತಯಾರಿಸಿಕೊಳ್ಳುತ್ತದೆ. ಬೆಕ್ಕಿನ ದೇಹ ಬೇಕಾದಷ್ಟು ತಯಾರಿಸಿಕೊಳ್ಳುವುದಿಲ್ಲ, ಮಾಂಸದಿಂದಲೇ ಪಡೆಯುತ್ತದೆ. 1987ರಲ್ಲಿ ಅಮೆರಿಕದ ಡೇವಿಸ್‌ನ ಪಶುವೈದ್ಯ ಪಾಲ್ ಪಿಯಾನ್ ಮತ್ತು ಜೊತೆಗಾರರು ಟಾರಿನ್ ಕೊರತೆಯಿಂದ ಬೆಕ್ಕುಗಳ ಹೃದಯ ಹಿಗ್ಗಿ ಸೋಲುತ್ತದೆ, ಟಾರಿನ್ ಕೊಟ್ಟರೆ ಸುಧಾರಿಸುತ್ತದೆ ಅಂತ ತೋರಿಸಿದರು. ಆಮೇಲೆ ಬೆಕ್ಕಿನ ಆಹಾರದಲ್ಲಿ ಅದನ್ನು ಜಾಸ್ತಿ ಹಾಕತೊಡಗಿದರು. ಗೌರಿ ಇಲಿ ತಿಂದು ಹೇಗೋ ಸರಿದೂಗಿಸಿಕೊಳ್ಳುತ್ತಾಳೆ. ಹೊರಗೆ ಹೋಗದ ಮರಿಗಳಿಗೆ ಆ ದಾರಿಯೂ ಇಲ್ಲ.

ಆಕಳ ಹಾಲಿನ ಸಮಸ್ಯೆ ಬೇರೆ. ಬೆಳೆದ ಬೆಕ್ಕಿನ ಹೊಟ್ಟೆಯಲ್ಲಿ ಹಾಲಿನ ಸಕ್ಕರೆ ಜೀರ್ಣ ಮಾಡುವ ಶಕ್ತಿ ಕಡಿಮೆಯಾಗಿರುತ್ತದೆ, ಅದಕ್ಕೇ ಹೊಟ್ಟೆ ಕೆಡುವುದು. ಬೆಕ್ಕಿನ ಹಾಲಿನಲ್ಲಿ ಪ್ರೋಟೀನು ಆಕಳ ಹಾಲಿನ ಎರಡು ಪಟ್ಟಿಗೂ ಮೇಲೆ. ಕಲ್ಯಾ ಹಾಲು ಅನ್ನ ಉಂಡ ಕೂಡಲೇ ತಾಯಿಯ ಹತ್ತಿರ ಓಡುವುದರಲ್ಲಿ ಹಸಿವಿನ ಪಾಲೂ ಇರಬಹುದು.

ಕೇಶ್ವಾಪುರದ ಟೀಚರ್ · ನವೆಂಬರ್ 16

ನಮ್ಮದೂ ಅಂಥದ್ದೇ ಮನೆ. ಅಡಿಗೆಮನೆಗೆ ಮೊಟ್ಟೆ ಕೂಡ ಬರುವುದಿಲ್ಲ. ಬೆಕ್ಕಿನ ಪ್ಯಾಕೆಟ್ ಆಹಾರವನ್ನು ಹಿತ್ತಲಲ್ಲಿ ಬೇರೆ ಡಬ್ಬಿಯಲ್ಲಿ ಇಟ್ಟಿದ್ದೇವೆ. ತಟ್ಟೆ ಬೇರೆ, ತೊಳೆಯುವ ಜಾಗ ಬೇರೆ. ನಮ್ಮ ಮಾವನವರಿಗೆ ಮೊದಲು ಬಹಳ ಕಷ್ಟ ಆಯಿತು. ಆಮೇಲೆ ಅವರೇ ಒಂದು ಮಾತು ಹೇಳಿದರು: "ಅದರ ಊಟ ಅದಕ್ಕ, ನಮ್ಮ ಊಟ ನಮಗ. ಸಾಕಿದ ಮ್ಯಾಲ ಉಪವಾಸ ಕೆಡವಬಾರದು." ಪ್ಯಾಕೆಟ್ ಮೇಲೆ ಮರಿಗಳಿಗೆ ಅಂತ ಬರೆದದ್ದನ್ನು ತಗೊಳ್ಳಿ, ಗರ್ಭಿಣಿಗೂ ಹಾಲು ಕುಡಿಸುವ ತಾಯಿಗೂ ಅದೇ ಒಳ್ಳೇದು. ಒಮ್ಮೆಲೇ ಬದಲಿಸಬೇಡಿ. ವಾರ ಹತ್ತು ದಿನ ಸ್ವಲ್ಪ ಸ್ವಲ್ಪ ಕೂಡಿಸುತ್ತಾ ಹೋಗಿ.

ಗೌರಿ ಮನೆಯವಳು, ಧಾರವಾಡ · ನವೆಂಬರ್ 19

ಹೋಗಿ ಬಂದೆವು. ಬ್ಯಾಡಗಿ ಅಣ್ಣಾವರು ಹೇಳಿದ್ದು ಸರಿ. ಸುಮಾರು ಆರು ವಾರ, ಮೂರು ಮರಿ ಕಾಣಿಸುತ್ತಿವೆ. ಡಿಸೆಂಬರ್ ಎರಡನೇ ವಾರ ಅಂದಿದ್ದಾರೆ. ದಸರಾ ಮುಗಿದ ವಾರ ಅವಳು ರಾತ್ರಿ ಪೂರ್ತಿ ಕೂಗಿದ್ದಳು. ಅತ್ತೆಗೆ ಚೆನ್ನಾಗಿ ನೆನಪಿದೆ.

ಚುಕ್ಕಿಗೂ ಐದು ತಿಂಗಳಾಯಿತು, ಇನ್ನು ಯಾವಾಗ ಬೇಕಾದರೂ ಅವಳೂ ಬೆದೆಗೆ ಬರಬಹುದು, ಕಲ್ಯಾನಿಗೆ ಅಕ್ಕ ತಂಗಿ ತಾಯಿ ಅಂತ ಗೊತ್ತಾಗುವುದಿಲ್ಲ ಅಂದರು. ಇಬ್ಬರಿಗೂ 27ಕ್ಕೆ ಆಪರೇಷನ್ ಗೊತ್ತು ಮಾಡಿದ್ದೇವೆ. ಪ್ಯಾಕೆಟ್ ಆಹಾರ ತಂದಿದ್ದೇವೆ. ಹಿತ್ತಲ ಕಟ್ಟೆಯ ಮೇಲೆ ಅದಕ್ಕೊಂದು ಡಬ್ಬಿ. ಅತ್ತೆ ಮುಟ್ಟುವುದಿಲ್ಲ, ಆದರೆ ಹೊತ್ತಿಗೆ ಸರಿಯಾಗಿ ನನ್ನನ್ನು ಕೂಗಿ ನೆನಪಿಸುತ್ತಾರೆ.

ಬಿಡಿಸುವುದೇ ಕಷ್ಟ ಆಗಿದೆ. ಕಲ್ಯಾನನ್ನು ರಾತ್ರಿ ಬೇರೆ ಕೋಣೆಯಲ್ಲಿ ಹಾಕಿದೆವು. ಬಾಗಿಲಿನ ಎರಡೂ ಕಡೆಯಿಂದ ಇಬ್ಬರೂ ಅತ್ತರು. ನಾನೂ ಮಲಗಲಿಲ್ಲ.

ಹಾನಗಲ್ಲಿನವಳು · ನವೆಂಬರ್ 20

ಬಿಡಿಸುವಾಗ ಗೌರಿಯ ಮೊಲೆ ದಿನಾ ಮುಟ್ಟಿ ನೋಡಿ ಅಕ್ಕಾ. ಹಾಲು ಕಟ್ಟಿಕೊಂಡರೆ ಬಾವು ಬರುತ್ತದೆ. ನಮ್ಮ ಬೆಕ್ಕಿಗೆ ಹೀಗೇ ಆಗಿತ್ತು. ಒಂದು ಕಡೆ ಗಟ್ಟಿ, ಕೆಂಪು, ಮುಟ್ಟಿದರೆ ಸುಡುವಷ್ಟು ಬಿಸಿ. ಮೈಯೂ ಬಿಸಿ. ನನ್ನ ತಮ್ಮ ಔಷಧಿ ಅಂಗಡಿಗೆ ಹೋಗಿ ಕೇಳಿದ. ಅವರು ಮಕ್ಕಳ ಜ್ವರದ ಪ್ಯಾರಾಸಿಟಮಾಲ್ ಸಿರಪ್ ಕೊಟ್ಟು ಕಳಿಸಿದರು. ಹಾಕುವ ಮುಂಚೆ ನಮ್ಮೂರ ಪಶುವೈದ್ಯರಿಗೆ ಫೋನ್ ಮಾಡಿದೆ. ಅವರು ಕಿರುಚಿಬಿಟ್ಟರು, ಚೆಲ್ಲು ಅದನ್ನ ಅಂತ. ಬೆಕ್ಕಿನ ಪಿತ್ತಜನಕಾಂಗಕ್ಕೆ ಆ ಔಷಧಿಯನ್ನು ಕರಗಿಸಿ ಹೊರಹಾಕಲು ಬರುವುದಿಲ್ಲವಂತೆ. ರಕ್ತ ಉಸಿರನ್ನು ಹೊರುವ ಶಕ್ತಿ ಕಳೆದುಕೊಂಡು ಒಸಡು ಕಂದು ಬಣ್ಣಕ್ಕೆ ತಿರುಗುತ್ತದಂತೆ. ಒಂದು ಮಾತ್ರೆ ಸಾಕು ಕೊಲ್ಲಲು.

ಇದನ್ನು ಎಲ್ಲಿ ಅವಕಾಶ ಸಿಕ್ಕರೂ ಬರೆಯುತ್ತೇನೆ. ಬೆಕ್ಕಿಗೆ ಪ್ಯಾರಾಸಿಟಮಾಲ್ ಬೇಡ. ಒಂದು ಹನಿಯೂ ಬೇಡ.

ಪಶುವೈದ್ಯ, ಗದಗ · ನವೆಂಬರ್ 20

ಹೌದು, ಇದು ಎಲ್ಲರಿಗೂ ಗೊತ್ತಿರಬೇಕಾದ ವಿಷಯ.

ಗೌರಿ ಮನೆಯ ಅಕ್ಕಾ, ಒಮ್ಮೆಲೇ ರಾತ್ರಿಯಿಡೀ ಬಾಗಿಲು ಹಾಕಬೇಡಿ. ಹಗಲು ಒಂದೊಂದು ತಾಸಿನಿಂದ ಶುರು ಮಾಡಿ, ಜಾಸ್ತಿ ಮಾಡುತ್ತಾ ಹೋಗಿ. ಗೌರಿಗೆ ಮಾತ್ರ ಹತ್ತಲು ಬರುವಂಥ ಜಾಗ ಮಾಡಿಕೊಡಿ. ಕಲ್ಯಾನಿಗೆ ಬಿಸಿನೀರಿನ ಬಾಟಲಿಯನ್ನು ಗಟ್ಟಿ ಬಟ್ಟೆಯಲ್ಲಿ ಸುತ್ತಿ ಮಲಗುವಲ್ಲಿ ಇಡಿ. ಅವನು ಹುಡುಕುವುದರಲ್ಲಿ ಅರ್ಧ ಬಿಸಿಯೇ. ಧಾರವಾಡದ ಚಳಿ ಈಗ ಶುರುವಾಗಿದೆ ಅಲ್ವಾ.

ಉಣಕಲ್ ಹುಡುಗ · ನವೆಂಬರ್ 24

ಮುತ್ತುವನ್ನು ತೋರಿಸಿದೆ. ಹೊಟ್ಟೆಯಲ್ಲಿ ಏನೂ ಸಿಕ್ಕಿಕೊಂಡಿಲ್ಲ. ಬೆಟಗೇರಿ ಅಣ್ಣಾ, ನಿಮಗೆ ದೊಡ್ಡ ಉಪಕಾರ ಆಯಿತು. ಕೌದಿ ಅಟ್ಟಕ್ಕೆ ಹೋಯಿತು. ಜಂತಿನ ಔಷಧಿಯೂ ಕೊಟ್ಟರು. ತಾಯಿ ಹಾಲಿನಿಂದಲೂ ಜಂತು ಮರಿಗೆ ಬರುತ್ತದೆ ಅಂತ ಆಗ ಗೊತ್ತಾಯಿತು. ಮಲಗುವ ಮುಂಚೆ ಆಡಿಸಿದರೆ ಕಿವಿ ಚೀಪುವುದು ನಿಜವಾಗಿ ಕಡಿಮೆಯಾಗಿದೆ. ನಾಲ್ಕು ರಾತ್ರಿಯಲ್ಲಿ ಒಂದು ರಾತ್ರಿ ಮಾತ್ರ ಬಂದಿತ್ತು.

ಗೌರಿ ಮನೆಯವಳು, ಧಾರವಾಡ · ನವೆಂಬರ್ 30

ನಾವು ಹತ್ತು ದಿನ ಒದ್ದಾಡಿದ್ದನ್ನು ದವಾಖಾನೆಯ ವಾಸನೆ ಒಂದು ತಾಸಿನಲ್ಲಿ ಮಾಡಿತು.

27ಕ್ಕೆ ಇಬ್ಬರಿಗೂ ಆಪರೇಷನ್ ಆಯಿತು. ಸಂಜೆ ಮನೆಗೆ ತಂದು ಬುಟ್ಟಿ ತೆಗೆದೆ. ಗೌರಿ ಓಡಿ ಬಂದಳು. ಕಲ್ಯಾನನ್ನು ಮೂಸಿದಳು. ಬೆನ್ನಿನ ಕೂದಲೆಲ್ಲ ನಿಂತವು. ಹಿಸ್ ಅಂತ ಬೈದು, ಕಪಾಳಕ್ಕೆ ಒಂದು ಕೊಟ್ಟು ಹೊರಟುಹೋದಳು. ತನ್ನ ಮಗ ಅಂತ ಅವಳಿಗೆ ಗುರುತೇ ಸಿಗಲಿಲ್ಲ. ಚುಕ್ಕಿಗೂ ಅದೇ ಗತಿ. ಕಲ್ಯಾ ಅಲ್ಲೇ ಕೂತು ಅವಳು ಹೋದ ದಿಕ್ಕನ್ನೇ ನೋಡುತ್ತಿದ್ದ. ನನಗೆ ನೋಡಲಾಗಲಿಲ್ಲ.

ಮೂರು ದಿನ ಆಯಿತು. ಈಗ ಜೊತೆಗೆ ತಿನ್ನುತ್ತಾರೆ. ಆದರೆ ಹೊಟ್ಟೆಯ ಹತ್ತಿರ ಬಂದರೆ ಗೌರಿ ಬಿಡುವುದಿಲ್ಲ.

ಪಶುವೈದ್ಯ, ಗದಗ · ನವೆಂಬರ್ 30

ಬೆಕ್ಕುಗಳು ಮುಖಕ್ಕಿಂತ ವಾಸನೆಯನ್ನು ನಂಬುತ್ತವೆ. ಗುರುತು ವಾಪಸ್ ಬರುತ್ತದೆ. ಅವನ ಮೈ ಒರೆಸಿದ ಬಟ್ಟೆಯನ್ನು ಅವಳು ಮಲಗುವಲ್ಲಿ ಇಡಿ, ಅವಳದ್ದನ್ನು ಇವನಲ್ಲಿ ಇಡಿ. ಹೆರಿಗೆ ಆದ ಮೇಲೆ ಮೊದಲ ಎರಡು ದಿನ ಅವನನ್ನು ಆ ಕೋಣೆಗೆ ಬಿಡಬೇಡಿ. ಹೊಸ ಮರಿಗಳನ್ನು ಅಡಿಗೆ ತಕ್ಕಡಿಯಲ್ಲಿ ದಿನಾ ತೂಗಿ ಬರೆದಿಡಿ. ಹುಟ್ಟಿದಾಗ ನೂರು ಗ್ರಾಂ ಆಸುಪಾಸು ಇರುತ್ತವೆ, ದಿನಕ್ಕೆ ಹತ್ತರಿಂದ ಹದಿನೈದು ಗ್ರಾಂ ಏರಬೇಕು. ಏರದಿದ್ದರೆ ಅದೇ ದಿನ ಫೋನ್ ಮಾಡಿ. ಮರಿಗಳಿಗೆ ಎಂಟು ವಾರ ಆದ ಮೇಲೆ ಗೌರಿಯ ಆಪರೇಷನ್ ಮಾಡಿಸಿಬಿಡಿ. ಹಾಲು ಪೂರ್ತಿ ಬತ್ತಿರದಿದ್ದರೆ ಪಕ್ಕೆಯ ಕಡೆಯಿಂದ ಮಾಡುವ ಪದ್ಧತಿ ಇದೆ, ಮೊಲೆಗೆ ತೊಂದರೆ ಆಗುವುದಿಲ್ಲ.

ಗೌರಿ ಮನೆಯವಳು, ಧಾರವಾಡ · ಡಿಸೆಂಬರ್ 17

ತಡ ಆಯಿತು, ಕ್ಷಮಿಸಿ. ಡಿಸೆಂಬರ್ 9ರ ಬೆಳಗಿನ ಜಾವ ಗೌರಿ ಮೂರು ಮರಿ ಹಾಕಿದಳು. ಎರಡು ಬೂದು, ಒಂದು ಕಪ್ಪು. ಮೊದಲ ದಿನ 98, 104, 91 ಗ್ರಾಂ ಇದ್ದವು. ಇವತ್ತು ಮೂರೂ 185 ದಾಟಿವೆ. ಬ್ಯಾಡಗಿ ಅಣ್ಣಾ, ಹೆರಿಗೆಯಾದ ರಾತ್ರಿ ನಿಮ್ಮ ಎರಡು ಮರಿಗಳ ಮಾತೇ ತಲೆಯಲ್ಲಿತ್ತು. ನಾನು ಬಾಗಿಲ ಹತ್ತಿರವೇ ಮಲಗಿದ್ದೆ. ಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸುತ್ತದೆ ಅಂತಾರಲ್ಲ, ಗೌರಿ ಆಗಲೇ ಮೂರು ಜಾಗ ಬದಲಿಸಿದ್ದಾಳೆ. ಈಗ ದೇವರ ಮನೆಯ ಪಕ್ಕದ ಗೂಡಿನಲ್ಲಿ ಇದ್ದಾಳೆ. ಅತ್ತೆ ಇರಲಿ ಬಿಡು ಅಂದರು.

ಕಲ್ಯಾನನ್ನು ಮೂರನೇ ದಿನ ಒಳಗೆ ಬಿಟ್ಟೆವು, ನಾನು ಪಕ್ಕದಲ್ಲೇ ಕೂತಿದ್ದೆ. ಹೊಸ ಮರಿಗಳನ್ನು ಮೂಸಿದ. ತನ್ನ ಬಲಗಡೆಯ ಕೊನೆಯ ತೊಟ್ಟಿನಲ್ಲಿ ಕಪ್ಪು ಮರಿ ಇತ್ತು. ಸ್ವಲ್ಪ ಹೊತ್ತು ನೋಡಿದ. ಗೌರಿ ಅವನ ತಲೆ ಮೇಲೆ ಪಂಜ ಇಟ್ಟು ಒತ್ತಿ ಹಿಡಿದು, ಕಿವಿಯಿಂದ ಕುತ್ತಿಗೆಯವರೆಗೆ ನೆಕ್ಕಿದಳು. ಗುರುತು ವಾಪಸ್ ಬಂದಿದೆ ಡಾಕ್ಟರ್. ಹಾಲು ಮಾತ್ರ ಕೊಡಲಿಲ್ಲ. ಅವನೂ ಹಠ ಮಾಡಲಿಲ್ಲ.

ಅವತ್ತಿನಿಂದ ರಾತ್ರಿ ಅತ್ತೆಯ ಹಾಸಿಗೆಗೆ ಹೋಗುತ್ತಾನೆ. ಅವರ ಕೌದಿಯ ಒಂದೇ ಮೂಲೆ ಹಿಡಿದು, ಮುಂಗಾಲಲ್ಲಿ ನಾದುತ್ತಾ, ಬಾಯಿ ಹಚ್ಚಿ ಮಲಗುತ್ತಾನೆ. ನುಂಗುವುದಿಲ್ಲ, ದಿನಾ ಬೆಳಿಗ್ಗೆ ನೋಡುತ್ತೇವೆ. ಬೆಟಗೇರಿ ಅಣ್ಣಾ ಬರೆದದ್ದು ನೆನಪಿಟ್ಟು ಅತ್ತೆ ಆ ಮೂಲೆಯ ಸಡಿಲ ಎಳೆಗಳನ್ನೆಲ್ಲ ಕತ್ತರಿಸಿ, ಮೇಲೆ ಗಟ್ಟಿ ಖಾದಿ ತುಂಡು ಇಟ್ಟು ಒಳಗಡೆಯಿಂದ ಒತ್ತೊತ್ತಾಗಿ ಹೊಲಿದಿದ್ದಾರೆ. ಹೊರಗೆ ಒಂದು ಎಳೆಯೂ ಇಲ್ಲ. ಹೊಲಿಗೆ ಡಬ್ಬಿ ಮತ್ತೆ ಕಪಾಟಿನೊಳಗೆ.